ಹಸಿರು ಟ್ರ್ಯಾಕ್ಟರ್ ಮೇಲಿನ ಹೆಸರು ಒಬ್ಬ ಕಮ್ಮಾರನದು

ಮೊನ್ನೆ ಮಳೆ ನಿಂತ ಎರಡನೇ ದಿನಕ್ಕೇ ಎರೆ ಹೊಲಕ್ಕೆ ಇಳಿದು ತಪ್ಪು ಮಾಡಿದೆ. ನಾಲ್ಕು ಮಾರು ಹೋಗೋದ್ರಲ್ಲಿ ನೇಗಿಲ ರೆಕ್ಕೆಗೆಲ್ಲ ಮಣ್ಣು ಮೆತ್ತಿಕೊಳ್ತು. ಇಳಿಯೋದು, ಕೆರೆಯೋದು, ಮತ್ತೆ ಹತ್ತೋದು. ಸಾಕಾಗಿ ಬದುವಿನ ಮೇಲೆ ಕೂತಾಗ ಜಾನ್ ಡೀರ್ ನೆನಪಾದ. ಆ ಹೆಸರು ಬರೀ ಕಂಪನಿದು ಅಂದ್ಕೊಂಡಿದ್ದೀವಿ. ಅದು ಒಬ್ಬ ಕಮ್ಮಾರನ ಹೆಸರು.

ಅವನು ಹುಟ್ಟಿದ್ದು 1804ರಲ್ಲಿ, ಅಮೆರಿಕದ ವರ್ಮಾಂಟ್‌ನಲ್ಲಿ. ಅಲ್ಲಿ ಕುಲುಮೆ ಕೆಲಸ ಕಲಿತ, ಸಾಲಕ್ಕೂ ಸಿಕ್ಕಿಕೊಂಡ. 1836ರಲ್ಲಿ ಇಲಿನಾಯ್ ಸೀಮೆಯ ಗ್ರ್ಯಾಂಡ್ ಡಿಟೂರ್ ಅನ್ನೋ ಪುಟ್ಟ ಊರಿಗೆ ಬಂದು ಹೊಸ ಕುಲುಮೆ ಹಾಕಿದ.

ಆ ಸೀಮೆಯ ಮಣ್ಣೂ ನಮ್ಮ ಎರೆ ಹಂಗೇ ಕಪ್ಪು, ಜಿಗುಟು. ರೈತರು ಪೂರ್ವದ ಕಡೆಯಿಂದ ತಂದಿದ್ದ ಬೀಡು ಕಬ್ಬಿಣದ ನೇಗಿಲು ಮರಳು ಮಣ್ಣಿಗೆ ಸರಿ, ಇಲ್ಲಿಗೆ ಆಗಲಿಲ್ಲ. ಹೆಜ್ಜೆ ಹೆಜ್ಜೆಗೂ ನಿಂತು ಕೆರೀಬೇಕು. ರಿಪೇರಿಗೆ ಬಂದವರ ಈ ಗೋಳು ಡೀರ್ ಕಿವಿಗೆ ಬೀಳ್ತಾ ಇತ್ತು. 1837ರಲ್ಲಿ ಮುರಿದ ಗರಗಸದ ಉಕ್ಕು ತಗೊಂಡು, ಬಗ್ಗಿಸಿ, ನುಣ್ಣಗೆ ಉಜ್ಜಿ ನೇಗಿಲು ಮಾಡಿದ. ಮಣ್ಣು ತಾನಾಗೇ ಜಾರಿತು.

ಉಕ್ಕಿನ ನೇಗಿಲು ಮಾಡಿದವರಲ್ಲಿ ಅವನೇ ಮೊದಲಿಗನಲ್ಲ. ಅದೇ ಸೀಮೆಯಲ್ಲಿ ಜಾನ್ ಲೇನ್ ಅನ್ನೋ ಇನ್ನೊಬ್ಬ ಕಮ್ಮಾರ 1833ರಲ್ಲೇ ಮಾಡಿದ್ದ. ಆದ್ರೆ ಡೀರ್, ಯಾರಾದ್ರೂ ಬಂದು ಕೇಳಲಿ ಅಂತ ಕಾಯಲಿಲ್ಲ. ಮೊದಲೇ ಮಾಡಿಟ್ಟು ಹೊಲದವರ ಹತ್ತಿರ ಒಯ್ದು ಮಾರಿದ. 1848ರಲ್ಲಿ ಮಿಸಿಸಿಪ್ಪಿ ನದಿ ದಡದ ಮೊಲೀನ್‌ಗೆ ಹೋಗಿ ಕಾರ್ಖಾನೆ ಕಟ್ಟಿದ.

ದುಡ್ಡಾದ ಮೇಲೂ ಊರು ಮರೆಯಲಿಲ್ಲ. ಚರ್ಚಿನ ಟ್ರಸ್ಟಿ, ಬ್ಯಾಂಕಿನ ಅಧ್ಯಕ್ಷ, ಲೈಬ್ರರಿಯ ನಿರ್ದೇಶಕ ಆದ. 1873ರಲ್ಲಿ ಮೊಲೀನ್ ಮೇಯರ್ ಆಗಿ ಎರಡು ವರ್ಷ ಊರಿನ ಕೆಲಸ ನೋಡಿದ. 1886ರಲ್ಲಿ ತೀರಿಕೊಂಡ. ಕಂಪನಿ ಟ್ರ್ಯಾಕ್ಟರ್ ಧಂದೆಗೆ ಇಳಿದಿದ್ದು 1918ರಲ್ಲಿ. ತನ್ನ ಹೆಸರಿನ ಟ್ರ್ಯಾಕ್ಟರನ್ನ ಅವನು ಕಣ್ಣಲ್ಲೂ ನೋಡಲಿಲ್ಲ!

ನಮ್ಮ ಸುತ್ತ ಈಗ ಉಳಿದಿರೋದು ಒಂದೇ ಕುಲುಮೆ. ಸಂಜೆ ರೆಕ್ಕೆ ಬಿಚ್ಚಿ ಅಲ್ಲಿಗೆ ಒಯ್ದೆ. ಆಚಾರ್ರು ಬೆರಳಾಡಿಸಿ ನೋಡಿ, "ತುಕ್ಕು ಹಿಡಿದು ತರಿತರಿ ಆಗಿದೆಯಲ್ಲ ಗೌಡ್ರೇ, ಮಣ್ಣು ಜಾರೋದು ಹೆಂಗೆ?" ಅಂದ್ರು. ಉಜ್ಜಿ ಕನ್ನಡಿ ಹಂಗೆ ಮಾಡಿಕೊಟ್ರು. ಹೊಸದು ತರೋಣ ಅಂತಿದ್ದವನು ನಾನು.

ಎರಡು ಮಾತು. ಉಳುಮೆ ಮುಗಿದ ಮೇಲೆ ರೆಕ್ಕೆ ಒರೆಸಿ ಎಣ್ಣೆ ಸವರಿಡಿ. ಸಣ್ಣ ಪುಟ್ಟ ಕೆಲಸ ಇದ್ರೆ ಆಚಾರ್ರ ಹತ್ರ ಒಯ್ಯಿರಿ. ನಾವು ಹೋಗದೆ ಇದ್ರೆ ಮುಂದಿನ ಮುಂಗಾರಿಗೆ ಆ ಬೆಂಕಿಯೂ ಆರಿರುತ್ತೆ. ಆಮೇಲೆ ನಮ್ಮ ಹೊಲದ ಗೋಳು ಕೇಳೋ ಕಮ್ಮಾರ ಎಲ್ಲಿ ಸಿಗ್ತಾನೆ?