ಗಣಕಯಂತ್ರದ ತಾಪ: ಅಂಕಿಯ ಅರ್ಥವೂ ಆರೈಕೆಯೂ

ಈಗ ನಮ್ಮ ಸಮಾಜದ ಅನೇಕ ಮನೆಗಳಲ್ಲಿ ಗಣಕಯಂತ್ರ ಬಂದು ನೆಲೆಸಿದೆ. ಮಕ್ಕಳ ವಿದ್ಯಾಭ್ಯಾಸ, ಅಂಗಡಿಯ ಲೆಕ್ಕಪತ್ರ, ಮಠಗಳಲ್ಲಿ ತಾಳೆಗರಿಗಳ ಛಾಯಾಪ್ರತಿಗಳ ಸಂರಕ್ಷಣೆ ಮೊದಲಾದ ಕಾರ್ಯಗಳು ಅದರಿಂದ ಸಾಗುತ್ತಿವೆ. ಯಂತ್ರದ ಹೃದಯವೆನಿಸಿದ ಪ್ರೊಸೆಸರಿನ ತಾಪಮಾನವನ್ನು ಪರದೆಯ ಮೇಲೆ ತೋರಿಸುವ ತಂತ್ರಾಂಶಗಳೂ ಸುಲಭವಾಗಿ ದೊರೆಯುತ್ತವೆ. ಅಲ್ಲಿ ೭೦ ಡಿಗ್ರಿ ಎಂದು ಕಂಡೊಡನೆ ಯಂತ್ರಕ್ಕೆ ಜ್ವರ ಬಂದಿತೆಂದು ಗಾಬರಿಗೊಳ್ಳುವವರುಂಟು. ಯಂತ್ರ ತಾನಾಗಿ ನಿಂತುಹೋಗುತ್ತಿದ್ದರೂ ಆ ಅಂಕಿಯತ್ತ ಕಣ್ಣೆತ್ತಿ ನೋಡದವರೂ ಉಂಟು. ಎರಡೂ ಸಲ್ಲದು.

ಮಠದಲ್ಲಿ ಶಾಸ್ತ್ರಾಭ್ಯಾಸ ಮಾಡಿದ ನಮಗೆ ಈ ವಿಷಯದ ಪರಿಚಯವಾದದ್ದು ಗ್ರಂಥಸಂಪಾದನೆಯ ಕಾರ್ಯದಿಂದ. ಸೈಂಧವವೆಂಬ ಶಬ್ದಕ್ಕೆ ಉಪ್ಪು ಎಂದೂ ಅರ್ಥ, ಕುದುರೆ ಎಂದೂ ಅರ್ಥ. ಊಟಕ್ಕೆ ಕುಳಿತವನು ಕೇಳಿದರೆ ಉಪ್ಪು, ಪ್ರಯಾಣಕ್ಕೆ ಹೊರಟವನು ಕೇಳಿದರೆ ಕುದುರೆ. ಪ್ರಕರಣವನ್ನು ಬಿಟ್ಟು ಶಬ್ದಾರ್ಥವಿಲ್ಲ. ತಾಪಮಾನದ ಅಂಕಿಯ ವಿಚಾರವೂ ಹೀಗೆಯೇ.

ಮೊದಲು ತಾಪದ ಮೂಲವನ್ನು ತಿಳಿಯಬೇಕು. ಪ್ರೊಸೆಸರು ಬಳಸುವ ವಿದ್ಯುತ್ತೆಲ್ಲವೂ ಕಡೆಗೆ ಶಾಖವಾಗಿಯೇ ಹೊರಬರುತ್ತದೆ. ೧೯೯೩ರಲ್ಲಿ ಬಂದ ಮೊದಲ ಪೆಂಟಿಯಂ ಸುಮಾರು ೧೫ ವಾಟ್ ಬಳಸುತ್ತಿತ್ತು. ೨೦೨೨ರಲ್ಲಿ ಬಂದ ಇಂಟೆಲ್ ಕೋರ್ ಐ೯-೧೩೯೦೦ಕೆ ಪೂರ್ಣ ಶ್ರಮದಲ್ಲಿ ೨೫೩ ವಾಟ್‌ವರೆಗೆ ಬಳಸುವಂತೆ ನಿಗದಿಯಾಗಿದೆ. ಹೆಬ್ಬೆರಳಿನ ಉಗುರಿನಷ್ಟು ಅಗಲದ ಸಿಲಿಕಾನ್ ಬಿಲ್ಲೆಯಲ್ಲಿ ೧೦೦ ವಾಟಿನ ಎರಡು ಹಳೆಯ ಬಲ್ಬುಗಳನ್ನು ಮೀರಿದ ಶಾಖವೆಂದರೆ, ಅದನ್ನು ಕ್ಷಣಕ್ಷಣವೂ ಹೊರಗೆ ಸಾಗಿಸದೆ ಗತ್ಯಂತರವಿಲ್ಲ.

ಇನ್ನು ಅಂಕಿಯ ವಿಚಾರ. ಮನುಷ್ಯನ ದೇಹಕ್ಕೆ ೩೭ ಡಿಗ್ರಿ ಸಹಜ, ೩೯ ಜ್ವರ. ಈ ಅಳತೆಗೋಲು ಸಿಲಿಕಾನಿಗೆ ಹೊಂದದು. ಇಂಟೆಲ್ ಸಂಸ್ಥೆಯ ಅನೇಕ ಪ್ರೊಸೆಸರುಗಳಿಗೆ ಗರಿಷ್ಠ ಮಿತಿ ೧೦೦ ಡಿಗ್ರಿ. ಅವುಗಳ ಒಳಗಿನ ಸಂವೇದಕವು ಆ ಮಿತಿಗೆ ಇನ್ನೆಷ್ಟು ಡಿಗ್ರಿ ಉಳಿದಿದೆ ಎಂಬುದನ್ನು ಮಾತ್ರ ಹೇಳುತ್ತದೆ. ತಂತ್ರಾಂಶವು ಕಳೆದು ನಮಗೆ ಅಂಕಿಯನ್ನು ತೋರಿಸುತ್ತದೆ. ಆದುದರಿಂದ ಮಿತಿಯ ಸಮೀಪದಲ್ಲಿ ಆ ಅಂಕಿ ಹೆಚ್ಚು ನಂಬಲರ್ಹ. ಯಂತ್ರ ಸುಮ್ಮನಿರುವಾಗ ಕೆಲವು ಡಿಗ್ರಿ ಆಚೀಚೆಯಾದರೆ ಚಿಂತಿಸಬೇಕಾಗಿಲ್ಲ. ೨೦೧೭ರ ಎಎಂಡಿ ರೈಜನ್ ೧೭೦೦ಎಕ್ಸ್ ಮತ್ತು ೧೮೦೦ಎಕ್ಸ್‌ಗಳಲ್ಲಿ ಫ್ಯಾನಿನ ನಿಯಂತ್ರಣಕ್ಕಾಗಿ ನಿಜವಾದ ತಾಪಕ್ಕೆ ೨೦ ಡಿಗ್ರಿ ಕೂಡಿಸಿಯೇ ವರದಿ ಮಾಡುವ ವ್ಯವಸ್ಥೆಯಿತ್ತು. ಅದೇ ಸಂಸ್ಥೆಯ ೨೦೨೨ರ ರೈಜನ್ ೭೦೦೦ ಶ್ರೇಣಿಯ ಅನೇಕ ಪ್ರೊಸೆಸರುಗಳು ಪೂರ್ಣ ಶ್ರಮದಲ್ಲಿ ೯೫ ಡಿಗ್ರಿಯಲ್ಲಿ ನಿಲ್ಲುವಂತೆಯೇ ರಚಿತವಾಗಿವೆ. ಒಂದೇ ಅಂಕಿ ಒಂದು ಯಂತ್ರಕ್ಕೆ ಎಚ್ಚರಿಕೆ, ಇನ್ನೊಂದಕ್ಕೆ ನಿತ್ಯದ ಸ್ಥಿತಿ.

ಆದುದರಿಂದ ಅಂಕಿಯೊಡನೆ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಈ ಪ್ರೊಸೆಸರಿನ ಮಿತಿ ಎಷ್ಟು? ಆಗ ಅದು ಯಾವ ಕೆಲಸದಲ್ಲಿ ತೊಡಗಿತ್ತು? ಕೋಣೆಯ ತಾಪಮಾನ ಎಷ್ಟಿತ್ತು? ಮೂರನೆಯದನ್ನು ಮರೆಯುವವರೇ ಹೆಚ್ಚು. ಗಾಳಿಯಿಂದ ತಣಿಯುವ ಯಂತ್ರ ಕೋಣೆಯ ಗಾಳಿಗಿಂತ ತಂಪಾಗಲಾರದು. ಕಲಬುರಗಿಯ ಬೇಸಿಗೆಯಲ್ಲಿ ೪೦ ಡಿಗ್ರಿ ಕಾದ ಕೋಣೆಯ ಅಂಕಿಯು ೨೫ ಡಿಗ್ರಿಯ ಕೋಣೆಯದಕ್ಕಿಂತ ೧೫ರಷ್ಟು ಮೇಲಿದ್ದರೆ ಅದು ದೋಷವಲ್ಲ, ಋತುಧರ್ಮ.

ಕೆಲವು ವರ್ಷಗಳ ಹಿಂದೆ ತಾಳೆಗರಿಗಳ ಛಾಯಾಪ್ರತಿಗಳನ್ನು ನಾವು ಪರಿಶೀಲಿಸುತ್ತಿದ್ದ ಯಂತ್ರ ವೈಶಾಖದ ಮಧ್ಯಾಹ್ನಗಳಲ್ಲಿ ಪದೇ ಪದೇ ನಿಂತುಹೋಗತೊಡಗಿತು. ದುರಸ್ತಿಗೆ ಬಂದವರು ಪ್ರೊಸೆಸರು, ಮದರ್‌ಬೋರ್ಡು ಎರಡನ್ನೂ ಬದಲಿಸಬೇಕೆಂದರು. ಅದು ಭಕ್ತರು ಗ್ರಂಥಕಾರ್ಯಕ್ಕೆಂದು ಕೊಟ್ಟ ಹಣ, ವಿಚಾರಿಸದೆ ವ್ಯಯಿಸುವಂತಿರಲಿಲ್ಲ. ತಾಪಮಾನವನ್ನು ಗಮನಿಸಿದೆವು. ಕೆಲಸ ಆರಂಭವಾದ ಕೆಲವೇ ನಿಮಿಷಗಳಲ್ಲಿ ಅಂಕಿ ೫೦ರಿಂದ ೧೦೦ಕ್ಕೆ ಏರಿತು. ಶಾಖ ಹುಟ್ಟುತ್ತಿದೆ, ಹೊರಹೋಗುವ ದಾರಿ ಮುಚ್ಚಿದೆ ಎಂಬುದು ಸ್ಪಷ್ಟವಾಯಿತು. ಪೆಟ್ಟಿಗೆ ತೆರೆಸಿ ನೋಡಿದರೆ ಲೋಹದ ಎಸಳುಗಳ ನಡುವೆ ಕಂಬಳಿಯಂತೆ ಧೂಳು ಹೆಪ್ಪುಗಟ್ಟಿತ್ತು. ಪಕ್ಕದ ಕೋಣೆಯೇ ಪೂಜಾಗೃಹ. ವಿಭೂತಿಯ ನವಿರಾದ ಹುಡಿಯನ್ನೂ ಧೂಪದ ಜಿಡ್ಡನ್ನೂ ಫ್ಯಾನು ವರ್ಷಗಟ್ಟಲೆ ಸೆಳೆದುಕೊಂಡಿತ್ತು. ಅದನ್ನು ತೆಗೆಸಿ, ಒಣಗಿದ ಲೇಪವನ್ನು ಹೊಸದಾಗಿ ಹಚ್ಚಿಸಿದ ಮೇಲೆ ಅದೇ ಕೆಲಸಕ್ಕೆ ಅಂಕಿ ೭೦ನ್ನು ದಾಟಲಿಲ್ಲ. ಯಾವ ಬಿಡಿಭಾಗವನ್ನೂ ಬದಲಿಸಬೇಕಾಗಲಿಲ್ಲ.

ಈ ಲೇಪದ ಮಹತ್ವ ಸಣ್ಣದಲ್ಲ. ಪ್ರೊಸೆಸರಿನ ಮೇಲ್ಮೈಯೂ ಅದರ ಮೇಲೆ ಕೂರುವ ಲೋಹದ ತಳವೂ ಕಣ್ಣಿಗೆ ನುಣುಪಾಗಿ ಕಂಡರೂ ನಡುವೆ ಸೂಕ್ಷ್ಮವಾದ ಎಡೆಗಳಿರುತ್ತವೆ. ಅಲ್ಲಿ ಗಾಳಿ ನಿಲ್ಲುತ್ತದೆ. ತಾಮ್ರವು ಗಾಳಿಗಿಂತ ಹತ್ತು ಸಾವಿರ ಪಟ್ಟಿಗೂ ಮಿಗಿಲಾಗಿ ಶಾಖವನ್ನು ಸಾಗಿಸಬಲ್ಲದು. ಆ ಗಾಳಿಯನ್ನು ಹೊರದೂಡುವುದೇ ಲೇಪದ ಕೆಲಸ. ಸಾಮಾನ್ಯವಾಗಿ ತೊಗರಿಕಾಳಿನಷ್ಟು ಸಾಕು. ದಪ್ಪವಾಗಿ ಬಳಿದರೆ ಅದೇ ಅಡ್ಡಿಯಾದೀತು. ಲೋಹದ ಎಸಳುಗಳು ಶಾಖವನ್ನು ಹರಡುತ್ತವೆ, ಫ್ಯಾನು ಅದನ್ನು ಗಾಳಿಗೆ ಒಪ್ಪಿಸುತ್ತದೆ, ಪೆಟ್ಟಿಗೆಯ ಹಿಂಬದಿ ಅದನ್ನು ಹೊರಗೆ ಕಳಿಸುತ್ತದೆ. ನೀರಿನಿಂದ ತಣಿಸುವ ಸಾಧನವೂ ಶಾಖವನ್ನು ಇನ್ನೊಂದೆಡೆಗೆ ಒಯ್ಯುವುದೇ ಹೊರತು ಹೊಸದಾಗಿ ತಂಪನ್ನು ಹುಟ್ಟಿಸುವುದಿಲ್ಲ.

ಪ್ರೊಸೆಸರು ತನ್ನನ್ನು ತಾನು ಕಾಯ್ದುಕೊಳ್ಳುವುದನ್ನೂ ಬಲ್ಲದು. ಮಿತಿ ಮುಟ್ಟಿದಾಗ ವೇಗವನ್ನು ತಗ್ಗಿಸುತ್ತದೆ. ಅದನ್ನೂ ಮೀರಿದರೆ ಯಂತ್ರ ಆರಿಹೋಗುತ್ತದೆ. ಹಾಗೆ ಆರಿದಾಗ ಉಳಿಸಿಕೊಳ್ಳದ ಬರಹ ನಷ್ಟವಾಗುವುದೇ ನಿಜವಾದ ಹಾನಿ.

ಗೃಹಸ್ಥರು ಮಾಡಬೇಕಾದದ್ದು ಇಷ್ಟೇ. ಯಂತ್ರವನ್ನು ಮುಚ್ಚಿದ ಕಪಾಟಿನಲ್ಲಾಗಲಿ, ದೇವರ ಕೋಣೆಯ ಬಾಗಿಲಲ್ಲಾಗಲಿ ಇಡಬಾರದು. ಶಿವರಾತ್ರಿ ಕಳೆದು ಬೇಸಿಗೆ ಬಲಿಯುವ ಮುನ್ನ ವಿದ್ಯುತ್ ಸಂಪರ್ಕ ತೆಗೆದು, ಫ್ಯಾನಿನ ರೆಕ್ಕೆ ತಿರುಗದಂತೆ ಹಿಡಿದು ಧೂಳನ್ನು ಊದಿ ತೆಗೆಯಬೇಕು. ಒದ್ದೆ ಬಟ್ಟೆ ಕೂಡದು. ಯಂತ್ರ ಆರೋಗ್ಯವಾಗಿರುವ ದಿನವೇ ಅದರ ಅಂಕಿಯನ್ನೂ ಕೋಣೆಯ ತಾಪವನ್ನೂ, ಮಾಡುತ್ತಿದ್ದ ಕೆಲಸವನ್ನೂ ಒಂದು ಪುಸ್ತಕದಲ್ಲಿ ಬರೆದಿಡಬೇಕು. ಮುಂದೆ ಅದೇ ಕೆಲಸಕ್ಕೆ ಇವೆರಡರ ಅಂತರ ಹೆಚ್ಚಿದರೆ ಆಗ ಪೆಟ್ಟಿಗೆ ತೆರೆಯುವ ಕಾಲ ಬಂದಿತೆಂದು ತಿಳಿಯಬಹುದು. ದುಡಿದು ತಂದ ವಸ್ತುವನ್ನು ಅರಿತು ಬಾಳಿಸುವುದೂ ಕಾಯಕದ ಒಂದು ಅಂಗವೇ ಎಂದು ನಾವು ಭಾವಿಸುತ್ತೇವೆ.