ಕೊನೆಯ ಸವಾರ

ಸೈಕಲ್ ಬಳಗ ಎಂದರೆ ತಲೆಗೆ ಬುಟ್ಟಿಯಂಥ ಹೆಲ್ಮೆಟ್ ಕವುಚಿಕೊಂಡು, ಒಬ್ಬರನ್ನೊಬ್ಬರು ಹಿಂದೆ ಹಾಕಲು ಹೊರಟವರ ಗುಂಪು ಎಂದೇ ಬಹಳ ಜನರ ಎಣಿಕೆ. ನಮ್ಮಲ್ಲೂ ಅಂಥವರು ಇಲ್ಲದಿಲ್ಲ. ಆದರೆ ಗುಂಪಿನ ಸವಾರಿಯಲ್ಲಿ ನಿಜವಾದ ಹುದ್ದೆ ಕಟ್ಟಕಡೆಯವರದು. ಎಲ್ಲರಿಗಿಂತ ನಿಧಾನವಾಗಿ ಹೋಗುವವರ ಹಿಂದೆ, ಅವರಿಗಿಂತಲೂ ನಿಧಾನವಾಗಿ ಹೋಗುವುದೇ ಅವರ ಕೆಲಸ. ಪಂಕ್ಚರ್ ಸಾಮಾನು, ಗಾಳಿ ಪಂಪು, ಗಾಯದ ಪಟ್ಟಿ, ಒಂದಿಷ್ಟು ಕಡಲೆಮಿಠಾಯಿ ಅವರ ಚೀಲದಲ್ಲಿ. ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳಿ ಹೇಳಿ ನಿಧಾನವೇ ಸ್ವಭಾವವಾಗಿರುವ ನನಗೆ ಈ ಹುದ್ದೆ ತಾನಾಗಿಯೇ ಒಲಿದು ಬಂತು.

ನಾವು ಹೆಚ್ಚಾಗಿ ಹೋಗುವುದು ನಂದಿಬೆಟ್ಟಕ್ಕೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್. ಮಕ್ಕಳು ಜೊತೆಗಿದ್ದರೆ ದೇವನಹಳ್ಳಿಯವರೆಗೆ ಸೈಕಲ್ಲುಗಳನ್ನು ವಾಹನದಲ್ಲೇ ತರುತ್ತೇವೆ. 2008ರಲ್ಲಿ ವಿಮಾನ ನಿಲ್ದಾಣ ಶುರುವಾದ ಮೇಲೆ ಆ ಹೆದ್ದಾರಿಯ ಭರಾಟೆಗೆ ಮಕ್ಕಳನ್ನು ಒಡ್ಡಲು ನಮಗೆ ಧೈರ್ಯವಿಲ್ಲ. ಹೆದ್ದಾರಿ ಬಿಟ್ಟು ಎಡಕ್ಕೆ ಹೊರಳಿದರೆ ದ್ರಾಕ್ಷಿ ತೋಟಗಳು, ಬಂಡೆ ಗುಡ್ಡಗಳು, ಮಂಜಿನಲ್ಲಿ ಮುಸುಕೆಳೆದುಕೊಂಡ ಊರುಗಳು. ಬೆಟ್ಟದ ಬುಡದಿಂದ ತುದಿಗೆ ಸುಮಾರು ಏಳೂವರೆ ಕಿಲೋಮೀಟರ್ ಹಾದಿ, 40 ತಿರುವುಗಳು, ಏರಬೇಕಾದ ಎತ್ತರ ಸುಮಾರು 450 ಮೀಟರ್. 1986ರಲ್ಲಿ ಸಾರ್ಕ್ ದೇಶಗಳ ನಾಯಕರು ಬಂದುಹೋದ ಬೆಟ್ಟವಿದು. ಅವರ್‍ಯಾರೂ ಸೈಕಲ್ಲಿನಲ್ಲಿ ಬಂದಿರಲಿಲ್ಲ ಎನ್ನಿ.

ಈ ಏರನ್ನು ಕಂಡು ಹೆದರುವ ಹುಡುಗರಿಗೆ ನಾನು ಒಂದು ಲೆಕ್ಕ ಹೇಳುತ್ತೇನೆ. ಪೆಡಲ್ಲಿನ ಬಳಿ 28 ಹಲ್ಲಿನ ಚಕ್ರ, ಹಿಂದಿನ ಗಾಲಿಯಲ್ಲಿ 34 ಹಲ್ಲಿನ ಚಕ್ರ ಹಾಕಿಕೊಂಡರೆ, ಪೆಡಲ್ ಪೂರ್ತಿ ಒಂದು ಸುತ್ತು ಬಂದಾಗ ಗಾಲಿ ಒಂದು ಸುತ್ತೂ ತಿರುಗುವುದಿಲ್ಲ. ಸೈಕಲ್ ಮುಂದೆ ಸರಿಯುವುದು ಸುಮಾರು 1.7 ಮೀಟರ್, ಮೇಲೇರುವುದು ಹತ್ತು ಸೆಂಟಿಮೀಟರ್. ಒಂದು ಗೇಣಿಗೂ ಕಡಿಮೆ. ಅಂಥ ಸುಮಾರು 4400 ಸುತ್ತು ತುಳಿದರೆ ನಂದಿಬೆಟ್ಟ! ಗೇರು ಕೆಲಸವನ್ನು ಕಡಿಮೆ ಮಾಡುವುದಿಲ್ಲ, ಕಾಲಿಗೆ ತಾಳುವಷ್ಟು ತುಂಡು ಮಾಡಿ ಕೊಡುತ್ತದೆ.

ಕಳೆದ ಚಳಿಗಾಲದ ಒಂದು ಭಾನುವಾರ ನನ್ನ ಮುಂದಿದ್ದವನು ಹತ್ತನೇ ತರಗತಿಯ ಹುಡುಗ. ಚಿಕ್ಕಂದಿನಿಂದ ಉಬ್ಬಸ. ಡಾಕ್ಟರು ಒಪ್ಪಿಗೆ ಕೊಟ್ಟಿದ್ದರು, ಇನ್‌ಹೇಲರ್ ಜೇಬಿನಲ್ಲಿತ್ತು. ಆದರೂ ಅವನ ತಂದೆ ಕಾರಿನಲ್ಲಿ ನಮ್ಮ ಬೆನ್ನಿಗೇ ಬರುತ್ತಿದ್ದರು. ನಾಲ್ಕು ತಿರುವಿಗೊಮ್ಮೆ ಕಿಟಕಿ ಇಳಿಯುತ್ತಿತ್ತು. "ಸಾಕು ಬಾರೋ, ಪರೀಕ್ಷೆ ಹತ್ತಿರ ಬಂತು." ನಗುವಂತಿರಲಿಲ್ಲ. ನಡುರಾತ್ರಿ ಮಗನನ್ನು ಹೊತ್ತು ಆಸ್ಪತ್ರೆಗೆ ಓಡಿದ ತಂದೆ ಅವರು. ಚಳಿಗಾಳಿ ಉಬ್ಬಸದವರ ಶ್ವಾಸನಾಳವನ್ನು ಬಿಗಿಯುತ್ತದೆ ಎಂಬುದು ಅವರಿಗೆ ಪುಸ್ತಕದಿಂದ ಗೊತ್ತಾದದ್ದಲ್ಲ.

ಏರಿನಲ್ಲಿ ಉಸಿರಿನ ಸ್ಥಿತಿ ತಿಳಿಯಲು ಮಾತಾಡಿಸಿ ನೋಡುವುದು ಒಳ್ಳೆಯ ದಾರಿ. ಪೂರ್ತಿ ವಾಕ್ಯ ಹೇಳಬಲ್ಲವನು ಮುಂದೆ ಹೋಗಬಹುದು, ಎರಡು ಪದಕ್ಕೇ ಮಾತು ಕಡಿದರೆ ನಿಲ್ಲಬೇಕು. ನಾನು ಹುಡುಗನಿಗೆ ಹದಿನೇಳರ ಮಗ್ಗಿ ಹೇಳಲು ಹೇಳಿದೆ. ಹೇಳುತ್ತಾ ಹೋದ. ಇಪ್ಪತ್ತನೆಯ ತಿರುವು ದಾಟಿದೆವು, ಇಪ್ಪತ್ತೈದನೆಯದೂ ಆಯಿತು. ಮೇಲೆ ಹೋದಂತೆ ಹಾದಿ ಇನ್ನೂ ಕಡಿದು. ಮೂವತ್ತು ಕಳೆದು ಸ್ವಲ್ಪ ಹೊತ್ತಿಗೆ "ಹದಿನೇಳಾರ್ಲ..." ಎಂದವನು ಅಲ್ಲೇ ಕಾಲೂರಿ ನಿಂತ. ನಾನು ನಿಲ್ಲು ಎನ್ನುವ ಮೊದಲೇ ನಿಂತಿದ್ದ.

ತಂದೆ ಇಳಿದು ಬಂದು ಕಾರಿನ ಹಿಂಬಾಗಿಲು ತೆರೆದರು. ಹುಡುಗ ಅತ್ತ ನೋಡಲಿಲ್ಲ. ಕೈಯೆತ್ತಿ ಐದು ಬೆರಳು ತೋರಿಸಿದ. ರಸ್ತೆ ಬದಿಯ ಕಟ್ಟೆಯ ಮೇಲೆ ಕುಳಿತು, ಇನ್‌ಹೇಲರ್ ತೆಗೆದು, ಕಲಿಸಿಕೊಟ್ಟ ಕ್ರಮದಲ್ಲೇ ಔಷಧಿ ಸೇದಿ ಉಸಿರು ಹಿಡಿದು ಬಿಟ್ಟ. ನೀರು ಕುಡಿದ. ನಾವಿಬ್ಬರು ದೊಡ್ಡವರು ಅವನ ಎದೆ ಏರಿಳಿಯುವುದನ್ನೇ ನೋಡುತ್ತಾ ನಿಂತೆವು. ನನಗೂ ಒಳಗೊಳಗೇ ಭಯವಿತ್ತು. ಉಬ್ಬಸ ತಗ್ಗದಿದ್ದರೆ ಆ ಬಾಗಿಲೊಳಗೆ ನಾನೇ ಅವನನ್ನು ಕೂರಿಸುತ್ತಿದ್ದೆ. ಐದು ನಿಮಿಷ ಹತ್ತಾಯಿತು. ಕೆಳಗೆ ಕಣಿವೆಯ ಮಂಜು ಕರಗಿ ಕೆರೆಯೊಂದು ಮಿಂಚತೊಡಗಿತು.

"ಹದಿನೇಳಾರ್ಲ ನೂರಾ ಎರಡು, ಹದಿನೇಳೇಳ್ಲ ನೂರಾ ಹತ್ತೊಂಬತ್ತು" ಎಂದು ಒಂದೇ ಉಸಿರಿಗೆ ಹೇಳಿ ಹುಡುಗ ಎದ್ದ.

ತಂದೆ ನನ್ನ ಮುಖ ನೋಡಿದರು. ನಾನು ಹುಡುಗನತ್ತ ನೋಡಿದೆ. ಅವರು ನಿಧಾನವಾಗಿ ಕಾರಿನ ಬಾಗಿಲು ಮುಚ್ಚಿದರು. ಅಷ್ಟು ಹೊತ್ತೂ ಹಿಂದೆ ಬಂದ ಕಾರು ಈಗ ನಮ್ಮನ್ನು ದಾಟಿ ಮೇಲೆ ಹೋಗಿ ತಿರುವಿನಲ್ಲಿ ಮರೆಯಾಯಿತು.

ತುದಿಯಲ್ಲಿ ಬಳಗದವರು ಕಾದಿದ್ದರು. ಚಪ್ಪಾಳೆ ಗಿಪ್ಪಾಳೆ ಏನಿಲ್ಲ, ಕೈಗೊಂದು ಬಾಳೆಹಣ್ಣು ಕೊಟ್ಟರು. ಅಪಾಯವಿರುವುದು ಇಳಿಯುವಾಗ. ವೇಗ ಎರಡು ಪಟ್ಟಾದರೆ ಬ್ರೇಕ್ ಹಿಡಿದು ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಇದನ್ನು ಕರಿಹಲಗೆಯ ಮೇಲೆ ಬರೆದು ತೋರಿಸುವುದಕ್ಕಿಂತ ನಂದಿಯ ಇಳಿಜಾರಿನಲ್ಲಿ ತಿಳಿಸುವುದು ಸುಲಭ. ಹುಡುಗ ಎರಡೂ ಬ್ರೇಕನ್ನು ಬಿಟ್ಟು ಬಿಟ್ಟು ಹಿಡಿಯುತ್ತಾ ನನ್ನ ಮುಂದೆಯೇ ಇಳಿದ.

ಬುಡಕ್ಕೆ ಬಂದೊಡನೆ ಸೈಕಲ್ಲನ್ನು ತಾನೇ ಕಾರಿಗೇರಿಸಿ, ಹಿಂದಿನ ಸೀಟಿನಲ್ಲಿ ಕುಳಿತಲ್ಲೇ ನಿದ್ದೆಹೋದ. ತಂದೆ ಹೊರಡುವ ಮುಂಚೆ ನನ್ನ ಬಳಿ ಬಂದು ಸ್ವಲ್ಪ ಸಂಕೋಚದಿಂದಲೇ ಕೇಳಿದರು: "ಮೇಡಂ, ಆ 34 ಹಲ್ಲಿನ ಚಕ್ರ ನಮ್ಮಂಥ ವಯಸ್ಸಾದವರ ಸೈಕಲ್ಲಿಗೂ ಹಾಕಿಕೊಡ್ತಾರಾ?"