ಗವರ್ನರ್ ಕಟ್ಟಿಹಾಕಿದ ದಿನಗಳು

ನನ್ನ ಹಳೆಯ ನೆಟ್‌ಬುಕ್ಕಿನಲ್ಲಿ ‘ಅಜ್ಜ’ ಎಂಬ ಹೆಸರಿನ ಒಂದು ಫೈಲ್ ಇದೆ. ಅದರಲ್ಲಿ ಹನ್ನೆರಡು ಕಡೆ ಬರೀ ಚುಕ್ಕೆಗಳಿವೆ. ಆ ಚುಕ್ಕೆಗಳಿರುವಲ್ಲೆಲ್ಲ ಅಜ್ಜ ಏನೋ ಹೇಳಿದ್ದರು, ನಾನು ಹಿಡಿದುಕೊಳ್ಳಲಿಲ್ಲ. ಕಾರಣ ನನ್ನ ಜಿಪುಣತನ. ದುಡ್ಡಿನದಲ್ಲ, ಬ್ಯಾಟರಿಯದು.

2012ರ ಮಳೆಗಾಲ. ಶಿವಮೊಗ್ಗದಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ತೀರ್ಥಹಳ್ಳಿ ಹತ್ತಿರದ ನಮ್ಮೂರಿಗೆ ಬಂದಿದ್ದೆ. ಬೆಂಗಳೂರಿನ ಚಿಕ್ಕಪ್ಪ ತಾವು ಬಳಸಿ ಬಿಟ್ಟಿದ್ದ ನೆಟ್‌ಬುಕ್ ಕೊಟ್ಟಿದ್ದರು. 2007ರಲ್ಲಿ ಏಸಸ್‌ನ ಈ-ಪಿಸಿಯಿಂದ ಶುರುವಾದ ಪುಟ್ಟ ಲ್ಯಾಪ್‌ಟಾಪ್‌ಗಳ ಹುಚ್ಚು ಆ ಹೊತ್ತಿಗೆ ಇಳಿಯುತ್ತಿತ್ತು. ನನ್ನದರಲ್ಲಿದ್ದದ್ದು ಇಂಟೆಲ್ ಆಟಂ ಎನ್270 ಪ್ರೊಸೆಸರ್, 1 ಜಿಬಿ ಮೆಮೊರಿ. ಅದರ ಮೇಲೆ ಲಿನಕ್ಸ್ ಹಾಕಿಕೊಂಡಿದ್ದೆ.

ಅಜ್ಜ ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಡೀಸೆಲ್ ಎಂಜಿನ್ ನೋಡಿಕೊಂಡವರು. ಸಂಜೆ ಜಗಲಿಯಲ್ಲಿ ಕೂತು ಅವರು ಹೇಳುವುದು, ನಾನು ಟೈಪ್ ಮಾಡುವುದು ಎಂದು ಒಪ್ಪಂದವಾಯಿತು. ತೊಂದರೆ ಒಂದೇ. ಮಳೆ ಶುರುವಾದರೆ ಕರೆಂಟು ಹೋಗುತ್ತಿತ್ತು, ಬ್ಯಾಟರಿ ಎರಡು ಗಂಟೆಯೂ ಬರುತ್ತಿರಲಿಲ್ಲ.

ಲಿನಕ್ಸ್‌ನಲ್ಲಿ ಪ್ರೊಸೆಸರಿನ ವೇಗವನ್ನು ನಾವೇ ಹೊಂದಿಸಬಹುದು ಎಂದು ಓದಿದ್ದೆ. ಎನ್270ಕ್ಕೆ ನಾಲ್ಕು ವೇಗಗಳಿವೆ: 800, 1067, 1333 ಮತ್ತು 1600 ಮೆಗಾಹರ್ಟ್ಸ್. ಯಾವಾಗ ಯಾವ ವೇಗ ಎಂದು ತೀರ್ಮಾನಿಸುವ ಕರ್ನಲ್ಲಿನ ಭಾಗಕ್ಕೆ ಗವರ್ನರ್ ಎಂದು ಹೆಸರು. ‘ಪರ್ಫಾರ್ಮೆನ್ಸ್’ ಎಂದಿಟ್ಟರೆ ಸದಾ ಗರಿಷ್ಠ ವೇಗ, ‘ಪವರ್‌ಸೇವ್’ ಎಂದರೆ ಸದಾ ಕನಿಷ್ಠ. ‘ಆನ್‌ಡಿಮ್ಯಾಂಡ್’ ಎಂದರೆ ಕೆಲಸ ಬಂದಾಗ ಮೇಲಕ್ಕೆ, ಇಲ್ಲದಾಗ ಕೆಳಕ್ಕೆ. ವೇಗ ಇಳಿದರೆ ಕರೆಂಟು ಉಳಿಯಲೇಬೇಕಲ್ಲ ಎಂದುಕೊಂಡು ನಾನು ಪವರ್‌ಸೇವ್ ಹಾಕಿದೆ. ಯಂತ್ರ 800ರಲ್ಲಿ ನಿಂತಿತು.

ಮೊದಲ ಕೆಲವು ದಿನ ಏನೂ ಅನಿಸಲಿಲ್ಲ. ಫೈಲು ಅರವತ್ತು ಪುಟ ದಾಟಿದ ಮೇಲೆ ಒತ್ತಿದ ಅಕ್ಷರ ತೆರೆಗೆ ಬರಲು ತಡವಾಗತೊಡಗಿತು. ಒತ್ತಕ್ಷರವಿದ್ದರೆ ಇನ್ನೂ ತಡ. ಅಜ್ಜ ನನ್ನ ಮುಖ ನೋಡಿ ಮಾತು ನಿಲ್ಲಿಸುತ್ತಿದ್ದರು. “ಬಂತಾ?” ಎಂದು ಕೇಳುತ್ತಿದ್ದರು. “ಬಂತು, ಹೇಳಿ” ಎನ್ನುವಷ್ಟರಲ್ಲಿ ಅವರ ಮಾತು ಇನ್ನೆಲ್ಲಿಗೋ ಹೋಗಿರುತ್ತಿತ್ತು. ಬಿಟ್ಟುಹೋದಲ್ಲಿ ಚುಕ್ಕೆ ಇಟ್ಟು, ಆಮೇಲೆ ಕೇಳಿದರಾಯಿತು ಎಂದು ಮುಂದೆ ಹೋಗುತ್ತಿದ್ದೆ.

ಒಂದು ಸಂಜೆ ಅವರೇ ಕೇಳಿದರು: “ಅದು ಯಾಕೆ ಹಾಗೆ ತೆವಳುತ್ತೆ?”

“ಬ್ಯಾಟರಿ ಉಳೀಲಿ ಅಂತ ಅದರ ಗವರ್ನರ್ ಇಳಿಸಿಟ್ಟಿದೀನಿ ಅಜ್ಜ.”

“ಗವರ್ನರಾ? ಇದರೊಳಗೂ ಗವರ್ನರ್ ಉಂಟಾ?”

ಅವರ ಕಣ್ಣು ಹೊಳೆಯಿತು. ಮಿಲ್ಲಿನ ಎಂಜಿನ್ನಿಗೂ ಗವರ್ನರ್ ಇತ್ತಂತೆ. ಶಾಫ್ಟಿನ ಜೊತೆ ತಿರುಗುವ ಕಬ್ಬಿಣದ ಗುಂಡುಗಳು. ವೇಗ ಹೆಚ್ಚಿದರೆ ಗುಂಡುಗಳು ಅಗಲವಾಗಿ ಎಣ್ಣೆ ಕಡಿಮೆ ಮಾಡುತ್ತವೆ, ಭತ್ತ ಬಿದ್ದು ಎಂಜಿನ್ ನಿಧಾನವಾದರೆ ಒಳಕ್ಕೆ ಬಂದು ಎಣ್ಣೆ ಹೆಚ್ಚು ಬಿಡುತ್ತವೆ. ಇದನ್ನೆಲ್ಲ ಎರಡು ಮುಷ್ಟಿ ತಿರುಗಿಸಿ ತೋರಿಸಿದರು. ಆಮೇಲೆ ನಗುತ್ತ ಹೇಳಿದರು: “ಗವರ್ನರ್ ಕಟ್ಟಿಹಾಕಿ ಭತ್ತ ಸುರಿದರೆ ಎಂಜಿನ್ ಕೆಮ್ಮಿ ನಿಂತುಹೋಗುತ್ತೆ ಮಾರಾಯ್ತಿ. ಎಣ್ಣೆ ಉಳಿಯೋದಿಲ್ಲ, ಭತ್ತ ಉಳಿಯುತ್ತೆ.”

ಅವರ ಗವರ್ನರ್ ವೇಗವನ್ನು ಒಂದೇ ಸಮ ಇಡುವಂಥದ್ದು, ನನ್ನದು ವೇಗವನ್ನೇ ಬದಲಿಸುವಂಥದ್ದು. ಆದರೂ ಮಾತು ನಾಟಿತು. ಮರುದಿನ ಆನ್‌ಡಿಮ್ಯಾಂಡಿಗೆ ಬದಲಿಸಿ ಗಡಿಯಾರ ಹಿಡಿದು ಕೂತೆ. ಬ್ಯಾಟರಿಯಲ್ಲಿ ಹತ್ತು ನಿಮಿಷದ ವ್ಯತ್ಯಾಸವೂ ಬರಲಿಲ್ಲ.

ಯಾಕೆಂದು ಹುಡುಕಿದಾಗ ನಾಚಿಕೆಯಾಯಿತು. ಎನ್270 ಪೂರ್ತಿ ದುಡಿದರೂ ಅದರ ಲೆಕ್ಕ 2.5 ವ್ಯಾಟ್. ಅದರ ಜೊತೆಗೆ ಕೊಡುತ್ತಿದ್ದ 945 ಸರಣಿಯ ಹಳೆಯ ಚಿಪ್‌ಸೆಟ್ಟಿನ ಲೆಕ್ಕವೇ 9 ವ್ಯಾಟಿನ ಮೇಲೆ. ಪರದೆಯ ಬೆಳಕು, ವೈಫೈ ಬೇರೆ. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಉಣ್ಣುವವರ ತಟ್ಟೆಯಿಂದ ನಾನು ಅನ್ನ ತೆಗೆದಿದ್ದೆ. ವೇಗದ ಜೊತೆ ವೋಲ್ಟೇಜೂ ಇಳಿಯುವುದರಿಂದ ಸ್ವಲ್ಪ ಉಳಿತಾಯವಾಗುವುದು ನಿಜ. ಆದರೆ ಪ್ರೊಸೆಸರ್ ಎರಡು ಅಕ್ಷರಗಳ ನಡುವೆ ಹೇಗೂ ನಿದ್ದೆ ಮಾಡುತ್ತದೆ. ಬೇಗ ಕೆಲಸ ಮುಗಿಸಿದರೆ ಬೇಗ ಮಲಗುತ್ತದೆ. ನಿಧಾನ ಮಾಡಿದರೆ ಅಷ್ಟೇ ಕೆಲಸಕ್ಕೆ ಹೆಚ್ಚು ಹೊತ್ತು ಎಚ್ಚರವಾಗಿರುತ್ತದೆ. ಆನ್‌ಡಿಮ್ಯಾಂಡ್ ಮಾಡುವುದೂ ಇದನ್ನೇ: ಹೊರೆ ಮಿತಿ ದಾಟಿದ ಕೂಡಲೇ ಮೆಟ್ಟಿಲು ಹತ್ತದೆ ನೇರ 1600ಕ್ಕೆ ಹೋಗುತ್ತದೆ, ಕೆಲಸ ಇಲ್ಲದಾಗ ಇಳಿಯುತ್ತದೆ.

ಪರದೆಯ ಬೆಳಕು ತಗ್ಗಿಸಿ, ವೈಫೈ ಆರಿಸಿದೆ. ಅಷ್ಟರಿಂದಲೇ ಅರ್ಧ ಗಂಟೆ ಹೆಚ್ಚು ಸಿಕ್ಕಿತು. ಅಕ್ಷರಗಳು ಮತ್ತೆ ಬೆರಳಿನ ಜೊತೆ ಬರತೊಡಗಿದವು. ಅಜ್ಜ “ಬಂತಾ?” ಎಂದು ಕೇಳುವುದನ್ನು ಬಿಟ್ಟರು. ಹಾಗೆ ಸಿಕ್ಕಿದ್ದು ಒಂಬತ್ತು ಸಂಜೆ. ಚುಕ್ಕೆಗಳನ್ನು ದೀಪಾವಳಿ ರಜೆಯಲ್ಲಿ ತುಂಬೋಣ ಎಂದು ಶಿವಮೊಗ್ಗಕ್ಕೆ ಹೋದೆ. ದೀಪಾವಳಿಗೆ ಬಂದಾಗ ಲಕ್ವ ಹೊಡೆದು ಅವರ ಮಾತು ನಿಂತಿತ್ತು. ಮುಂದಿನ ವರ್ಷ ತೀರಿಕೊಂಡರು.

ನೆಟ್‌ಬುಕ್ ಈಗಲೂ ಓಡುತ್ತದೆ. ಅದು 32 ಬಿಟ್ಟಿನದಾದ್ದರಿಂದ ಹೊಸ ಉಬುಂಟು ಅದರಲ್ಲಿ ಕೂರುವುದಿಲ್ಲ, ಡೆಬಿಯನ್ 12 ಹಾಕಿದ್ದೇನೆ. ಆ ಫೈಲನ್ನು ತೆರೆಯುವಾಗ ವೇಗ ತೋರಿಸುವ ಅಂಕಿ 1600ಕ್ಕೆ ನೆಗೆಯುತ್ತದೆ. ನಾನು ಓದುತ್ತ ಕೂತರೆ 800ಕ್ಕೆ ಇಳಿಯುತ್ತದೆ.

ನಲವತ್ತೇಳನೆಯ ಪುಟದಲ್ಲಿ ಹೀಗಿದೆ: “ಆ ವರ್ಷ ಮಿಲ್ಲು ಬಿಟ್ಟು ಎಲ್ಲಾದರೂ ಹೋಗಿಬಿಡೋಣ ಅಂತಿದ್ದೆ, ಯಾಕೆಂದರೆ”. ಅಲ್ಲಿಂದ ಮುಂದೆ ಚುಕ್ಕೆಗಳು. ಹೋದ ತಿಂಗಳು ಊರಿಗೆ ಹೋದಾಗ ಅಜ್ಜಿಯನ್ನು ಕೇಳಿದೆ. ಅಕ್ಕಿ ಆರಿಸುತ್ತಿದ್ದವರು ತಲೆಯೆತ್ತಿದರು.

“ಹಾಗಂದಿದ್ರಾ? ನನಗೆ ಹೇಳಲೇ ಇಲ್ಲವಲ್ಲೇ.”